ಸಂವೇದಕಗಳ ದರ್ಶನಫಲಕದಲ್ಲಿ ವಿಜೆಟ್ಟುಗಳನ್ನು ಯೋಜಿಸುವ ಕ್ರಮ

1. ಪೀಠಿಕೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ವಿಚಾರವು ಬರುವೆಡೆಯಲ್ಲಿ, ಮಳೆಯನ್ನಳೆಯುವುದಕ್ಕಾಗಿ ಒಂದು ಅರತ್ನಿಯಷ್ಟು, ಎಂದರೆ ಸುಮಾರು ಒಂದು ಮೊಳದಷ್ಟು, ಬಾಯಗಲವುಳ್ಳ ಕುಂಡವನ್ನು ಅಲ್ಲಿ ಇರಿಸಬೇಕೆಂಬ ವಿಧಿಯುಂಟು. ಕುಂಡವನ್ನು ಇರಿಸಿದಮಾತ್ರದಿಂದ ಮಳೆಯ ಜ್ಞಾನವು ಹುಟ್ಟುವುದಿಲ್ಲವಷ್ಟೆ. ಅದನ್ನು ನೋಡುವವನೊಬ್ಬನಿರಬೇಕು, ಯಾವ ದಿನದ ನೀರೆಂಬುದು ಅವನಿಗೆ ತಿಳಿದಿರಬೇಕು. ನಿನ್ನೆಯ ನೀರನ್ನು ಚೆಲ್ಲದೆ ಇಂದು ಕುಂಡವನ್ನು ನೋಡಿದವನು ಇಂದು ಮಳೆಯಾಯಿತೆಂದು ಭ್ರಮಿಸುವನೇ ಹೊರತು ನಿಜವನ್ನರಿಯನು.

ಆ ಅರ್ಥಶಾಸ್ತ್ರವಾದರೂ ನಮಗೆ ದೊರೆತದ್ದು ಓಲೆಗರಿಗಳ ದೆಸೆಯಿಂದ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚುಮಾಡಿಸಿದುದರಿಂದ ಲೋಕಕ್ಕೆ ಆ ಗ್ರಂಥದ ಪೂರ್ಣಪರಿಚಯವಾಯಿತು. ಆ ಗರಿಗಳು ಅದಕ್ಕೆ ಮೊದಲೇ ತೇವಕ್ಕೆ ಸಿಕ್ಕಿ ಬೂಷ್ಟು ಹಿಡಿದು ಹೋಗಿದ್ದರೆ ನಮ್ಮ ಗತಿಯೇನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಓಲೆಗರಿಗೆ ತೇವವು ಹೇಗೆ ಶತ್ರುವೋ ಅತಿಯಾದ ಒಣಹವೆಯೂ ಹಾಗೆಯೇ ಶತ್ರು. ತೇವವು ಹೆಚ್ಚಿದರೆ ಬೂಷ್ಟು, ಹುಳು. ಕಡಮೆಯಾದರೆ ಗರಿಯು ಪೆಡಸಾಗಿ ಮುಟ್ಟಿದರೆ ಮುರಿಯುವುದು. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 65-70ನ್ನು ಮೀರಿ ಕೆಲವು ದಿನ ಹಾಗೆಯೇ ನಿಂತರೆ ಬೂಷ್ಟು ಬೆಳೆಯುವುದಕ್ಕೆ ಅನುಕೂಲವೆಂದು ಸಂರಕ್ಷಣಶಾಸ್ತ್ರಜ್ಞರು ಹೇಳುತ್ತಾರೆ.

ಆದಕಾರಣ ಈಗಿನ ಗ್ರಂಥಭಂಡಾರಗಳಲ್ಲಿ ಉಷ್ಣವನ್ನೂ ಆರ್ದ್ರತೆಯನ್ನೂ ಅಳೆಯುವ ಸಣ್ಣ ಸಂವೇದಕಗಳನ್ನು ಇರಿಸಿ, ಅವುಗಳ ಅಳತೆಗಳನ್ನು ಗಣಕಯಂತ್ರದ ತೆರೆಯ ಮೇಲೆ ನೋಡುವ ಪದ್ಧತಿಯು ರೂಢಿಗೆ ಬರುತ್ತಿದೆ. ಸಂವೇದಕವನ್ನು ಕೊಳ್ಳುವುದು ಸುಲಭ. ಅದು ಹೇಳುವುದನ್ನು ತೆರೆಯ ಮೇಲೆ ತಪ್ಪಿಲ್ಲದೆ ಓದುವಂತೆ ಜೋಡಿಸುವುದೇ ಕಷ್ಟ. ಈ ಜೋಡಣೆಯಲ್ಲಿ ನಾನೇ ಒಮ್ಮೆ ತಪ್ಪಿ, ಆ ತಪ್ಪಿನ ಫಲವನ್ನು ಓಲೆಗರಿಗಳ ಮೇಲೆ ಕಂಡವನಾದುದರಿಂದ, ಅದರ ಕ್ರಮವನ್ನು ಇಲ್ಲಿ ವಿವರಿಸಲು ತೊಡಗಿದ್ದೇನೆ. ನಾನು ಯಂತ್ರಶಾಸ್ತ್ರದಲ್ಲಿ ಪಂಡಿತನಲ್ಲ. ಶಿಷ್ಯನೊಬ್ಬನು ಪಕ್ಕದಲ್ಲಿ ಕುಳಿತು ಕಲಿಸಿದುದನ್ನು, ನಾನು ಓದಿದ ಶಾಸ್ತ್ರದ ಪರಿಭಾಷೆಯಲ್ಲಿ ಹೊಂದಿಸಿಕೊಂಡು ಹೇಳುವೆನು.

2. ಶಬ್ದವಿಚಾರ

ಇಂಗ್ಲಿಷಿನಲ್ಲಿ ಡ್ಯಾಶ್‌ಬೋರ್ಡ್ ಎಂಬುದು ಮೊದಲು ಕುದುರೆಗಾಡಿಯ ಮುಂಭಾಗದ ಹಲಗೆಗೆ ಇದ್ದ ಹೆಸರು. ಗೊರಸಿನಿಂದೆದ್ದ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಸಿಡಿಯದಂತೆ ಅದು ತಡೆಯುತ್ತಿತ್ತು. ಮೋಟಾರು ಬಂದಮೇಲೆ ಅದೇ ಸ್ಥಾನದಲ್ಲಿ ವೇಗವನ್ನೂ ಎಣ್ಣೆಯ ಮಟ್ಟವನ್ನೂ ತೋರಿಸುವ ಮುಳ್ಳುಗಳು ಕುಳಿತವು. ಹೆಸರು ಮಾತ್ರ ಉಳಿಯಿತು. ಈಗ ಅದೇ ಹೆಸರು ಗಣಕಯಂತ್ರದ ತೆರೆಗೂ ಸಂಕ್ರಮಿಸಿದೆ. ಇದನ್ನು ಈ ಲೇಖನದಲ್ಲಿ ದರ್ಶನಫಲಕವೆಂದು, ಸಂಕ್ಷೇಪವಾಗಿ ಫಲಕವೆಂದು, ಕರೆಯುವೆನು. ಫಲಕದ ಮೇಲೆ ಕೂರಿಸುವ ಒಂದೊಂದು ಗಡಿಯಾರದ ಮುಖದಂತಹ ಚಿತ್ರಕ್ಕೂ, ರೇಖಾಚಿತ್ರಕ್ಕೂ, ಪಟ್ಟಿಗೂ ವಿಜೆಟ್ಟೆಂದು ಹೆಸರು. ಇದಕ್ಕೆ ಬೇರೆ ಶಬ್ದವನ್ನು ಕಲ್ಪಿಸುವ ಆಯಾಸವು ಬೇಡವೆಂದು ಹಾಗೆಯೇ ಬಳಸಿದ್ದೇನೆ.

ಇಂತಹ ಫಲಕಗಳನ್ನು ಕಟ್ಟಿಕೊಡುವ ತಂತ್ರಾಂಶಗಳು ಹಲವುಂಟು. ಗ್ರಫಾನಾ, ಹೋಮ್ ಅಸಿಸ್ಟೆಂಟ್, ಥಿಂಗ್ಸ್‌ಬೋರ್ಡ್ ಮೊದಲಾದುವು ಪ್ರಸಿದ್ಧವಾದುವು. ನಾನು ಬಳಸಿ ಬಲ್ಲದ್ದು ಥಿಂಗ್ಸ್‌ಬೋರ್ಡ್ ಒಂದನ್ನೇ ಆದುದರಿಂದ ಉದಾಹರಣೆಗಳೆಲ್ಲವೂ ಅದರವು. ತತ್ತ್ವವು ಮಾತ್ರ ಎಲ್ಲಕ್ಕೂ ಸಾಧಾರಣವಾದುದು.

3. ವಿಜೆಟ್ಟು ಒಂದು ವಾಕ್ಯವೆಂಬುದು

ಹೊಸಬರು ವಿಜೆಟ್ಟನ್ನು ಚಿತ್ರವೆಂದು ತಿಳಿಯುತ್ತಾರೆ. ಆದುದರಿಂದಲೇ ಅಂದವಾದುದನ್ನು ಆರಿಸಿ ಕೂರಿಸಿ ತೃಪ್ತರಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ವಿಜೆಟ್ಟು ಚಿತ್ರವಲ್ಲ, ವಾಕ್ಯ. "ಮೂರನೆಯ ಕೊಠಡಿಯಲ್ಲಿ ಈಗ ಆರ್ದ್ರತೆಯು ಶೇಕಡಾ 58 ಇದೆ" ಎಂಬುದನ್ನೇ ಅದು ಮುಳ್ಳಿನಿಂದಲೂ ಬಣ್ಣದಿಂದಲೂ ಹೇಳುವುದು. ವಾಕ್ಯವಾದಮೇಲೆ ಅದು ವಾಕ್ಯಾರ್ಥಜ್ಞಾನದ ನಿಯಮಗಳಿಗೆ ಒಳಪಡಬೇಕು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಈ ನಿಯಮಗಳು ತಿಳಿದಿವೆ. ವಾಕ್ಯದಿಂದ ಅರ್ಥಜ್ಞಾನವುಂಟಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕು. ಹಸು, ಕುದುರೆ, ಆನೆ ಎಂದು ಬರಿದೆ ಹೆಸರುಗಳನ್ನು ಸಾಲಾಗಿ ಹೇಳಿದರೆ ಒಂದು ಪದಕ್ಕೆ ಇನ್ನೊಂದರ ಅಪೇಕ್ಷೆಯಿಲ್ಲದುದರಿಂದ ಅದು ವಾಕ್ಯವಲ್ಲ. ಬೆಂಕಿಯಿಂದ ತೋಯಿಸೆಂದರೆ ಅರ್ಥಕ್ಕೆ ಬಾಧೆಯಿರುವುದರಿಂದ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗ ಹೇಳಿ ಮತ್ತೊಂದನ್ನು ಒಂದು ಜಾವ ಕಳೆದು ಹೇಳಿದರೆ ಸನ್ನಿಧಿಯಿಲ್ಲ. ವಿಜೆಟ್ಟನ್ನು ಯೋಜಿಸುವಾಗ ಆಗುವ ದೋಷಗಳೆಲ್ಲವೂ ಈ ಮೂರರಲ್ಲಿ ಒಂದರ ಅಭಾವದಿಂದಲೇ ಬರುವುವೆಂಬುದನ್ನು ಕ್ರಮವಾಗಿ ತೋರಿಸುವೆನು.

4. ಆಕಾಂಕ್ಷೆ: ಯಾವುದರ ಯಾವ ಅಳತೆ?

ಫಲಕವನ್ನು ತೆರೆದು ತಿದ್ದುವ ಸ್ಥಿತಿಗೆ ತಂದಮೇಲೆ ವಿಜೆಟ್ಟನ್ನು ಸೇರಿಸುವ ಗುಂಡಿಯು ಕಾಣುವುದು. ಅದನ್ನು ಒತ್ತಿದರೆ ವಿಜೆಟ್ಟುಗಳ ಕಟ್ಟುಗಳು ತೆರೆದುಕೊಳ್ಳುತ್ತವೆ: ರೇಖಾಚಿತ್ರಗಳ ಕಟ್ಟು, ಮುಳ್ಳುಮಾಪಕಗಳ ಕಟ್ಟು, ಎಚ್ಚರಿಕೆಗಳ ಕಟ್ಟು ಇತ್ಯಾದಿ. ಒಂದನ್ನು ಆರಿಸಿದೊಡನೆ ತಂತ್ರಾಂಶವು ಎರಡು ಪ್ರಶ್ನೆಗಳನ್ನು ಕೇಳುವುದು. ಮೊದಲನೆಯದು, ಅಳತೆಯು ಯಾವ ಉಪಕರಣದ್ದು? ಎರಡನೆಯದು, ಆ ಉಪಕರಣವು ಕಳುಹಿಸುವ ಅಳತೆಗಳಲ್ಲಿ ಯಾವುದು ಬೇಕು? ಈ ಎರಡನೆಯದಕ್ಕೆ ಡೇಟಾ ಕೀ ಎಂದು ಹೆಸರು. ಒಂದೇ ಸಂವೇದಕವು ಉಷ್ಣವನ್ನು ಒಂದು ಹೆಸರಿನಲ್ಲಿಯೂ ಆರ್ದ್ರತೆಯನ್ನು ಇನ್ನೊಂದು ಹೆಸರಿನಲ್ಲಿಯೂ ಕಳುಹಿಸುವುದು. ಉಪಕರಣವು ಕಳುಹಿಸುವ ಹೆಸರಿಗೂ ಇಲ್ಲಿ ಬರೆದ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೂ ವಿಜೆಟ್ಟು ಬರಿದಾಗಿರುವುದು.

ಉಪಕರಣವನ್ನು ನೇರವಾಗಿ ಹೆಸರಿಸಬಹುದು. ಅಥವಾ ಎಂಟಿಟಿ ಏಲಿಯಾಸ್ ಎಂಬುದರ ಮೂಲಕ ಹೆಸರಿಸಬಹುದು. ಈ ಏಲಿಯಾಸು ವೈಯಾಕರಣರ ಸಂಜ್ಞೆಯೇ ಸರಿ. ಪಾಣಿನಿಯು ಆ, ಐ, ಔ ಎಂಬ ಮೂರಕ್ಕೂ ವೃದ್ಧಿಯೆಂದು ಒಂದೇ ಸಂಜ್ಞೆಯನ್ನು ಮಾಡಿ, ಮುಂದೆ ಬೇಕಾದೆಡೆಯಲ್ಲೆಲ್ಲ ಆ ಸಂಜ್ಞೆಯಿಂದಲೇ ವ್ಯವಹರಿಸಿದನಲ್ಲವೆ? ಹಾಗೆಯೇ "ಓಲೆಕೊಠಡಿಯ ಸಂವೇದಕಗಳು" ಎಂಬ ಏಲಿಯಾಸನ್ನು ಒಮ್ಮೆ ಮಾಡಿ, ಇಂತಹ ಜಾತಿಯ ಉಪಕರಣಗಳೆಲ್ಲವೂ ಅದರೊಳಗೆ ಸೇರಲೆಂದು ವಿಧಿಸಿದರೆ, ನಾಳೆ ಏಳನೆಯ ಸಂವೇದಕವನ್ನು ತಂದಾಗ ಫಲಕವನ್ನು ತಿದ್ದಬೇಕಾಗಿಯೇ ಇಲ್ಲ. ಅದು ತಾನಾಗಿ ಪಟ್ಟಿಯಲ್ಲಿ ಬಂದು ಕೂರುವುದು. ಉಪಕರಣಗಳನ್ನು ಒಂದೊಂದಾಗಿ ಹೆಸರಿಸಿದ ಫಲಕದಲ್ಲಿ ಹೊಸದು ಬಿಟ್ಟುಹೋಗುವುದು, ಬಿಟ್ಟುಹೋದುದು ಯಾರಿಗೂ ತೋರದಿರುವುದು, ಇವೆರಡೂ ಸಾಮಾನ್ಯ.

ಇಲ್ಲಿ ಇನ್ನೊಂದು ಎಚ್ಚರವು ಬೇಕು. ಸಂವೇದಕಕ್ಕೆ "ಮೂರನೆಯ ಕೊಠಡಿ" ಎಂದು ಹೆಸರಿಟ್ಟು, ಕಪಾಟುಗಳನ್ನು ಬದಲಾಯಿಸುವಾಗ ಅದನ್ನು ಐದನೆಯ ಕೊಠಡಿಗೆ ಒಯ್ದು, ಹೆಸರನ್ನು ತಿದ್ದದೆ ಬಿಟ್ಟರೆ ವಾಕ್ಯದ ಕರ್ತೃಪದವೇ ಸುಳ್ಳಾಗುವುದು. ಯಂತ್ರವು ಇದನ್ನು ಹಿಡಿಯಲಾರದು. ಸ್ಥಾನ ಬದಲಾದಂದೇ ಹೆಸರನ್ನು ತಿದ್ದುವುದು ಭಂಡಾರದವನ ಧರ್ಮ.

5. ಯೋಗ್ಯತೆ: ಮಾನ, ಮಿತಿ, ದಶಾಂಶ

ಡೇಟಾ ಕೀಯನ್ನು ಕೊಟ್ಟಮೇಲೆ ಅದರ ಹೆಸರು, ಮಾನ, ದಶಾಂಶಸ್ಥಾನಗಳು, ಬಣ್ಣ ಇವುಗಳನ್ನು ಗೊತ್ತುಮಾಡುವ ಅವಕಾಶವಿದೆ. ಬಹುಮಂದಿ ಇದನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಅದು ತಪ್ಪು. ಮಾನವನ್ನು ಬರೆಯದಿದ್ದರೆ 27 ಎಂಬುದು ಡಿಗ್ರಿಯೋ ಶೇಕಡವೋ ತಿಳಿಯದು. ಆರ್ದ್ರತೆ ಶೇಕಡಾ 27 ಎಂದರೆ ಗರಿಗಳು ಪೆಡಸಾಗುವ ಅಪಾಯ; ಉಷ್ಣ 27 ಡಿಗ್ರಿಯೆಂದರೆ ಭಯವೇನೂ ಇಲ್ಲ.

ದಶಾಂಶದ ವಿಷಯದಲ್ಲಿಯೂ ವಿವೇಕವು ಬೇಕು. ಅಗ್ಗವಾಗಿ ದೊರೆಯುವ ಡಿಎಚ್‌ಟಿ22 ಎಂಬ ಸಂವೇದಕವು ಆರ್ದ್ರತೆಯಲ್ಲಿ ಶೇಕಡಾ 2ರಿಂದ 5ರವರೆಗೂ, ಬಿಎಂಇ280 ಎಂಬುದು ಸುಮಾರು 3ರವರೆಗೂ ಹೆಚ್ಚುಕಡಮೆ ತೋರಿಸಬಹುದೆಂದು ಅವುಗಳನ್ನು ಮಾಡುವವರೇ ಒಪ್ಪಿದ್ದಾರೆ. ಹೀಗಿರುವಲ್ಲಿ 61.37 ಎಂದು ತೋರಿಸುವುದು ಇಲ್ಲದ ನಿಷ್ಕೃಷ್ಟತೆಯನ್ನು ನಟಿಸುವುದೇ ಸರಿ. ದಶಾಂಶಸ್ಥಾನವನ್ನು ಸೊನ್ನೆಗೆ ಇಳಿಸಿ 61 ಎಂದು ತೋರಿಸಿದರೆ ಸತ್ಯಕ್ಕೆ ಹತ್ತಿರ.

ಮುಳ್ಳುಮಾಪಕದಲ್ಲಿ ಕನಿಷ್ಠ ಗರಿಷ್ಠ ಮಿತಿಗಳನ್ನು ವಸ್ತುವಿಗೆ ತಕ್ಕಂತೆ ಇಡಬೇಕು. ಕೊಠಡಿಯ ಉಷ್ಣಕ್ಕೆ 0ಯಿಂದ 100ರವರೆಗೆ ಮಿತಿಯನ್ನಿಟ್ಟರೆ, ಉಷ್ಣವು 24ರಿಂದ 32ಕ್ಕೆ ಏರಿದಾಗ ಮುಳ್ಳು ಇಡೀ ಕಮಾನಿನ ನೂರರಲ್ಲಿ 8 ಪಾಲು ಮಾತ್ರ ಸರಿಯುವುದು. ಅದು ಕಣ್ಣಿಗೆ ಬೀಳುವುದೇ ಕಷ್ಟ. ಮಿತಿಯನ್ನು 15ರಿಂದ 40ಕ್ಕೆ ಇಟ್ಟರೆ ಅದೇ ಏರಿಕೆಯು ನೂರರಲ್ಲಿ 32 ಪಾಲಾಗಿ ತೋರುವುದು. ಅಳತೆಯು ಒಂದೇ, ನೋಡುವವನ ಮನಸ್ಸಿನಲ್ಲಿ ಹುಟ್ಟುವ ಅರ್ಥವು ಬೇರೆ.

ಉಷ್ಣವನ್ನೂ ಆರ್ದ್ರತೆಯನ್ನೂ ಬೇರೆಬೇರೆ ವಿಜೆಟ್ಟುಗಳಲ್ಲಿ ದೂರದೂರ ಇಡುವುದು ಸಹ ಯೋಗ್ಯವಲ್ಲ. ಸಾಪೇಕ್ಷ ಆರ್ದ್ರತೆಯೆಂಬುದು ಉಷ್ಣವನ್ನು ಅವಲಂಬಿಸಿದುದು. 28 ಡಿಗ್ರಿಯಲ್ಲಿ ಶೇಕಡಾ 60 ಆರ್ದ್ರತೆಯುಳ್ಳ ಗಾಳಿಯು, ನೀರಿನಂಶವು ಸ್ವಲ್ಪವೂ ಹೆಚ್ಚದೆಯೇ, ರಾತ್ರಿ 22 ಡಿಗ್ರಿಗೆ ತಣ್ಣಗಾದರೆ ಆರ್ದ್ರತೆಯು ಸುಮಾರು 86ಕ್ಕೆ ಏರುವುದು. ಆರ್ದ್ರತೆಯನ್ನೊಂದೇ ನೋಡಿದವನು ಮಾಡು ಸೋರಿತೆಂದು ಹುಡುಕುವನು. ಎರಡನ್ನೂ ಒಂದೇ ರೇಖಾಚಿತ್ರದಲ್ಲಿ ನೋಡಿದವನು ತಂಪೇ ಕಾರಣವೆಂದು ತಿಳಿಯುವನು.

6. ಸನ್ನಿಧಿ: ಕಾಲದ ವಿಚಾರ

ಮೂರರಲ್ಲಿ ಅತ್ಯಂತ ಸೂಕ್ಷ್ಮವಾದುದು ಸನ್ನಿಧಿ. ವಿಜೆಟ್ಟುಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಒಂದು ಜಾತಿಯವು ಕಾಲಾನುಕ್ರಮವಾಗಿ ಬಂದ ಅಳತೆಗಳನ್ನು ತೋರಿಸುವುವು. ಇನ್ನೊಂದು ಜಾತಿಯವು ಕಟ್ಟಕಡೆಗೆ ಬಂದ ಅಳತೆಯೊಂದನ್ನೇ ತೋರಿಸುವುವು.

ಮೊದಲನೆಯ ಜಾತಿಗೆ ಟೈಮ್‌ವಿಂಡೋ ಎಂಬ ಕಾಲಗವಾಕ್ಷವುಂಟು. ಈಚಿನ ಒಂದು ಗಂಟೆಯೋ, ಒಂದು ವಾರವೋ, ಕಳೆದ ಯಾವುದಾದರೊಂದು ಗೊತ್ತಾದ ಅವಧಿಯೋ ಎಂಬುದನ್ನು ಅಲ್ಲಿ ನಿಶ್ಚಯಿಸಬೇಕು. ಅವಧಿಯು ದೀರ್ಘವಾದಾಗ ಅಳತೆಗಳನ್ನು ಗುಂಪುಮಾಡಿ ಪ್ರತಿಯೊಂದು ಗುಂಪಿಗೂ ಸರಾಸರಿಯನ್ನೋ ಗರಿಷ್ಠವನ್ನೋ ಕನಿಷ್ಠವನ್ನೋ ತೋರಿಸುವ ಕ್ರಮವಿದೆ. ಇಲ್ಲಿ ಸರಾಸರಿಯನ್ನು ಆರಿಸಿ ಮೋಸಹೋಗುವವರು ಬಹಳ. ಒಂದು ದಿನದಲ್ಲಿ 21 ಗಂಟೆಗಳ ಕಾಲ ಆರ್ದ್ರತೆಯು 56 ಇದ್ದು, ಯಾರೋ ಕಿಟಕಿಯನ್ನು ಮರೆತುಬಿಟ್ಟ 3 ಗಂಟೆಗಳಲ್ಲಿ 84ಕ್ಕೆ ಏರಿತೆನ್ನೋಣ. ದಿನದ ಸರಾಸರಿಯು 59.5. ಫಲಕವನ್ನು ನೋಡಿದವನಿಗೆ ಎಲ್ಲವೂ ಕ್ಷೇಮವಾಗಿ ಕಾಣುವುದು. ತೆರೆದ ಕಿಟಕಿಯು ಸರಾಸರಿಯೊಳಗೆ ಅಡಗಿಹೋಯಿತು. ಆದುದರಿಂದ ರಕ್ಷಣೆಯೇ ಉದ್ದೇಶವಾದಲ್ಲಿ ಗರಿಷ್ಠವನ್ನೂ ಕನಿಷ್ಠವನ್ನೂ ತೋರಿಸಬೇಕು. ಸರಾಸರಿಯು ಋತುಮಾನದ ವಿಮರ್ಶೆಗೆ ಮಾತ್ರ ಸಾಕು.

ಎರಡನೆಯ ಜಾತಿಯು ಇದಕ್ಕಿಂತ ಅಪಾಯಕರವಾದುದು. ನನ್ನ ತಪ್ಪು ನಡೆದದ್ದು ಇಲ್ಲಿಯೇ.

7. ಒಂದು ಅನುಭವ

ಮಲೆನಾಡಿನ ಅಂಚಿನಲ್ಲಿರುವ ಒಂದು ಭಂಡಾರದಲ್ಲಿ ಓಲೆಕಟ್ಟುಗಳ ಪರಿಶೀಲನೆಯ ಕೆಲಸವು ಕೆಲವು ವರ್ಷಗಳ ಹಿಂದೆ ನನಗೆ ಒಪ್ಪಿಸಲ್ಪಟ್ಟಿತ್ತು. ಅಲ್ಲಿ ಆರು ಸಂವೇದಕಗಳು. ಹೊಸದಾಗಿ ಕಲಿತ ಉತ್ಸಾಹದಲ್ಲಿ ನಾನೇ ಫಲಕವನ್ನು ಜೋಡಿಸಿದೆನು: ಆರು ಮುಳ್ಳುಮಾಪಕಗಳು, ಎರಡು ಸಾಲು, ಹಸುರು ಹಳದಿ ಕೆಂಪು ಬಣ್ಣಗಳು. ನೋಡಿದವರು ಮೆಚ್ಚಿದರು. ನಾನೂ ಮೆಚ್ಚಿಕೊಂಡೆನು.

ಆಷಾಢದ ಮಳೆಯು ಹಿಡಿಯಿತು. ನಾನು ಬೆಳಗ್ಗೆ ಸಂಜೆ ಫಲಕವನ್ನು ನೋಡುತ್ತಿದ್ದೆನು. ಐದು ಮುಳ್ಳುಗಳು ಹಳದಿಯ ಕಡೆಗೆ ಸರಿದುವು. ಆ ಕೊಠಡಿಗಳಲ್ಲಿ ತೇವವನ್ನು ಹೀರುವ ಯಂತ್ರವನ್ನು ನಡೆಸಿದೆವು. ನಾಲ್ಕನೆಯ ಕೊಠಡಿಯ ಮುಳ್ಳು ಮಾತ್ರ 58ರಲ್ಲಿ ಹಸುರಾಗಿಯೇ ನಿಂತಿತ್ತು. ಆ ಕೊಠಡಿಯ ಗೋಡೆಗಳು ದಪ್ಪವಾದುವು, ಅದೇ ಕಾರಣವಿರಬೇಕೆಂದು ನಾನೇ ಸಮಾಧಾನ ಹೇಳಿಕೊಂಡೆನು. ಐದನೆಯ ದಿನ ಅಲ್ಲಿಯ ಪರಿಚಾರಕನು ಬಂದು, "ಸ್ವಾಮಿ, ನಾಲ್ಕನೆಯ ಕೋಣೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಹೊಡೀತದೆ" ಎಂದನು. ಫಲಕವು ಹಸುರಾಗಿದೆಯೆಂದು ನಾನು ಅವನಿಗೆ ಉತ್ತರ ಕೊಟ್ಟೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆನು. ಆದರೂ ಅವನ ಮಾತಿಗೆ ಹೋಗಿ ಕಟ್ಟುಗಳನ್ನು ಬಿಚ್ಚಿ ನೋಡಿದರೆ, ಕೆಳಗಿನ ಅಂಕಣದ ಕೆಲವು ಕಟ್ಟುಗಳ ಅಂಚಿನಲ್ಲಿ ಬಿಳಿಯ ಬೂಷ್ಟು. ಸಂವೇದಕದ ಬ್ಯಾಟರಿಯು ನಾಲ್ಕು ದಿನಗಳ ಹಿಂದೆಯೇ ಮುಗಿದಿತ್ತು. ಅದು ಸಾಯುವ ಮೊದಲು ಹೇಳಿದ ಕಡೆಯ ಮಾತು 58. ಫಲಕವು ಆ ಮಾತನ್ನೇ ಹಿಡಿದು ನಾಲ್ಕು ದಿನ ನನಗೆ ತೋರಿಸುತ್ತಿತ್ತು.

ಗರಿಗಳನ್ನು ನೆರಳಿನಲ್ಲಿ ಆರಿಸಿ, ಮೃದುವಾದ ಕುಂಚದಿಂದ ಒರಸಿ, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಲೇಪಿಸಿದೆವು. ಬಹುಭಾಗ ಉಳಿಯಿತು. ಒಂದು ಕಟ್ಟಿನ ಕೊನೆಯ ಎರಡು ಗರಿಗಳಲ್ಲಿ ಅಂಚಿನ ಅಕ್ಷರಗಳು ಹೋದುವು. ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆಯುವ ಸ್ಥಳವದು. ಆ ಪ್ರತಿಯ ಕಾಲವನ್ನು ಇನ್ನು ಲಿಪಿಯಿಂದ ಊಹಿಸಬೇಕೇ ಹೊರತು ಓದಿ ಹೇಳುವಂತಿಲ್ಲ.

8. ಅನುಪಲಬ್ಧಿಯ ವಿಚಾರ

ಈ ತಪ್ಪಿನ ಮೂಲವೇನೆಂದು ಆಲೋಚಿಸಿದಾಗ ಭಾಟ್ಟಮೀಮಾಂಸಕರ ಆರನೆಯ ಪ್ರಮಾಣವು ನೆನಪಿಗೆ ಬಂದಿತು. ವಸ್ತುವು ಕಾಣದಿರುವುದರಿಂದ ಅದರ ಅಭಾವವನ್ನು ತಿಳಿಯುವುದು ಅನುಪಲಬ್ಧಿ. ಆದರೆ ಕಾಣದಿರುವುದೆಲ್ಲ ಅಭಾವಕ್ಕೆ ಪ್ರಮಾಣವಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆಯಿರುವಲ್ಲಿ ಮಾತ್ರ ಕಾಣದಿರುವುದು ಪ್ರಮಾಣ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ; ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಸತ್ತ ಸಂವೇದಕದ ಕೊಠಡಿಯು ಕತ್ತಲೆಯ ಕೋಣೆ. ಅಲ್ಲಿಂದ ಎಚ್ಚರಿಕೆಯು ಬಾರದಿರುವುದು ತೇವವಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಆದುದರಿಂದ ಅಳತೆಯನ್ನು ತೋರಿಸುವ ಪ್ರತಿಯೊಂದು ವಿಜೆಟ್ಟಿನೊಡನೆ ಬೆಳಕಿದೆಯೇ ಎಂಬುದನ್ನು ತೋರಿಸುವ ಇನ್ನೊಂದು ಇರಬೇಕು. ಥಿಂಗ್ಸ್‌ಬೋರ್ಡಿನಲ್ಲಿ ಇದಕ್ಕೆ ಸುಲಭವಾದ ಉಪಾಯವಿದೆ. ಪ್ರತಿಯೊಂದು ಉಪಕರಣವೂ ಜೀವಂತವಾಗಿದೆಯೇ, ಕಡೆಯದಾಗಿ ಯಾವಾಗ ಮಾತನಾಡಿತು, ಎಂಬ ಎರಡು ಗುಣಗಳನ್ನು ತಂತ್ರಾಂಶವು ತಾನೇ ಬರೆದಿಡುತ್ತದೆ. ಪಟ್ಟಿಯ ರೂಪದ ವಿಜೆಟ್ಟೊಂದನ್ನು ತೆಗೆದುಕೊಂಡು, ಕೊಠಡಿಯ ಹೆಸರು, ಆರ್ದ್ರತೆ, ಉಷ್ಣ, ಜೀವಸ್ಥಿತಿ, ಕಡೆಯ ಮಾತಿನ ಕಾಲ ಎಂಬ ಐದು ಅಂಕಣಗಳನ್ನು ಮಾಡಿದರೆ ನನ್ನ ಆರು ಮಾಪಕಗಳಿಗಿಂತ ಅದು ಮೇಲು.

ಇಲ್ಲಿಯೂ ಒಂದು ಯೋಜನೆ ಬೇಕು. ಯಾವುದೇ ತಿದ್ದುಪಡಿಯಿಲ್ಲದಿದ್ದರೆ 10 ನಿಮಿಷ ಮೌನವಾಗಿರುವ ಉಪಕರಣವನ್ನು ತಂತ್ರಾಂಶವು ನಿಷ್ಕ್ರಿಯವೆಂದು ಎಣಿಸುತ್ತದೆ. ಬ್ಯಾಟರಿಯನ್ನು ಉಳಿಸುವುದಕ್ಕಾಗಿ 15 ನಿಮಿಷಕ್ಕೊಮ್ಮೆ ಮಾತ್ರ ಮಾತನಾಡುವ ಸಂವೇದಕವು ಹೀಗೆ ಪ್ರತಿಸಲವೂ ಸತ್ತು ಹುಟ್ಟಿದಂತೆ ಕಾಣುವುದು. ಅದನ್ನು ಕಂಡು ಬೇಸತ್ತವನು ಕಡೆಗೆ ಆ ಅಂಕಣವನ್ನೇ ನೋಡದಾಗುವನು. ಆದುದರಿಂದ ಮೌನದ ಅವಧಿಯನ್ನು ಸಂವೇದಕದ ಲಯಕ್ಕೆ ತಕ್ಕಂತೆ, ಎರಡು ಮೂರು ಸಲ ತಪ್ಪುವವರೆಗೆ ತಾಳುವಂತೆ, ಆ ಉಪಕರಣದ ಗುಣವಾಗಿ ಬರೆಯಬೇಕು. 45 ನಿಮಿಷವನ್ನು ಬಯಸಿದರೆ 27,00,000 ಎಂದು ಬರೆಯಬೇಕು. ಏಕೆಂದರೆ ಅಲ್ಲಿಯ ಎಣಿಕೆಯು ಸೆಕೆಂಡಿನ ಸಾವಿರದೊಂದಂಶಗಳಲ್ಲಿ.

9. ಎಚ್ಚರಿಕೆಯ ವಿಜೆಟ್ಟು, ಒಂದು ಪೂರ್ವಪಕ್ಷ

ಎಚ್ಚರಿಕೆಗಳ ಪಟ್ಟಿಯೆಂಬ ವಿಜೆಟ್ಟೂ ಉಂಟು. ಅದನ್ನು ಫಲಕದ ಮೇಲೆ ಇರಿಸಿದೊಡನೆ ಎಚ್ಚರಿಕೆಗಳು ಬರತೊಡಗುವುವೆಂದು ಭಾವಿಸುವುದು ಸಾಮಾನ್ಯವಾದ ಭ್ರಾಂತಿ. ಆ ವಿಜೆಟ್ಟು ಹುಟ್ಟಿದ ಎಚ್ಚರಿಕೆಯನ್ನು ತೋರಿಸುವುದೇ ಹೊರತು ಹುಟ್ಟಿಸುವುದಿಲ್ಲ. ಯಾವಾಗ ಹುಟ್ಟಬೇಕು, ಯಾವಾಗ ಅಡಗಬೇಕು, ಎಂಬ ನಿಯಮವನ್ನು ಫಲಕದ ಹೊರಗೆ ಪ್ರತ್ಯೇಕವಾಗಿ ಬರೆಯಬೇಕು. ಆರ್ದ್ರತೆಯು 65ನ್ನು ಮೀರಿ ಒಂದು ಗಂಟೆ ನಿಂತರೆ ಎಚ್ಚರಿಕೆಯು ಹುಟ್ಟಲಿ, 60ಕ್ಕಿಂತ ಇಳಿದಮೇಲೆ ಅಡಗಲಿ, ಎಂದು ಎರಡು ಬೇರೆ ಅಂಕಗಳನ್ನಿಟ್ಟರೆ ಒಳ್ಳೆಯದು. ಎರಡಕ್ಕೂ 65ನ್ನೇ ಇಟ್ಟರೆ ಅಳತೆಯು 64ಕ್ಕೂ 66ಕ್ಕೂ ತೂಗಾಡುವ ರಾತ್ರಿಯಲ್ಲಿ ನೂರು ಎಚ್ಚರಿಕೆಗಳು ಹುಟ್ಟಿ ಸಾಯುವುವು. ಸಂವೇದಕದ ಮೌನಕ್ಕೂ ಇಂತಹುದೇ ಒಂದು ನಿಯಮವಿರತಕ್ಕದ್ದು.

ಎಚ್ಚರಿಕೆಯೇ ಬರುವುದಾದಮೇಲೆ ಫಲಕವನ್ನು ದಿನವೂ ನೋಡುವುದೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಎಚ್ಚರಿಕೆಯು ಮೊದಲೇ ಊಹಿಸಿದ ಅಪಾಯವನ್ನು ಮಾತ್ರ ಹೇಳುವುದು. ಊಹಿಸದಿದ್ದುದನ್ನು ಕಾಣುವುದು ಕಣ್ಣು. ಐದು ರೇಖೆಗಳು ಏರುವಾಗ ಆರನೆಯದು ನೆಟ್ಟಗೆ ನಿಂತಿದ್ದರೆ ಅದು ಅನುಮಾನಾಸ್ಪದವೆಂದು ಯಾವ ನಿಯಮವೂ ನನಗೆ ಹೇಳಿರಲಿಲ್ಲ. ಏಳು ದಿನಗಳ ರೇಖಾಚಿತ್ರವೊಂದು ಫಲಕದ ಮೇಲಿದ್ದಿದ್ದರೆ, ಸಂವೇದಕವು ಸತ್ತ ಕ್ಷಣದಲ್ಲಿ ರೇಖೆಯು ತುಂಡಾಗಿ ನಿಂತುದು ಮೊದಲನೆಯ ದಿನವೇ ಕಾಣುತ್ತಿತ್ತು.

ಹೀಗೆ ವಿಚಾರಿಸಿದರೆ ಒಂದು ಭಂಡಾರಕ್ಕೆ ಮೂರು ವಿಜೆಟ್ಟುಗಳು ಸಾಕು: ಜೀವಸ್ಥಿತಿಯೊಡನೆ ಅಳತೆಗಳ ಪಟ್ಟಿ, ಏಳು ದಿನಗಳ ರೇಖಾಚಿತ್ರ, ಎಚ್ಚರಿಕೆಗಳ ಪಟ್ಟಿ. ಜೋಡಿಸಿ ಮುಗಿದಮೇಲೆ ಫಲಕವನ್ನು ಉಳಿಸುವ ಗುಂಡಿಯನ್ನು ಒತ್ತಲು ಮರೆಯಬಾರದು. ಒತ್ತದೆ ಹೊರಬಂದರೆ ಶ್ರಮವೆಲ್ಲ ವ್ಯರ್ಥ. ಆಮೇಲೆ ಒಂದು ಪರೀಕ್ಷೆಯನ್ನು ಅವಶ್ಯವಾಗಿ ಮಾಡಬೇಕು. ಒಂದು ಸಂವೇದಕದ ಬ್ಯಾಟರಿಯನ್ನು ಬೇಕೆಂದೇ ತೆಗೆದಿಟ್ಟು, ಫಲಕವು ಅದನ್ನು ನಿಮಗೆ ತಿಳಿಸುವುದೇ ಎಂದು ಕಾಯಿರಿ. ತಿಳಿಸಿದರೆ ಫಲಕವು ಸಿದ್ಧವಾಯಿತು. ತಿಳಿಸದಿದ್ದರೆ, ಎಷ್ಟೇ ಅಂದವಾಗಿದ್ದರೂ ಅದು ಸಿದ್ಧವಾಗಿಲ್ಲ.

10. ಉಪಸಂಹಾರ

ವಿಜೆಟ್ಟು ವಾಕ್ಯವೆಂಬುದೂ, ಆ ವಾಕ್ಯಕ್ಕೆ ಕರ್ತೃವು ಯಾರು, ಮಾನವಾವುದು, ಕಾಲವಾವುದು ಎಂಬ ಮೂರನ್ನೂ ಜೋಡಿಸುವವನೇ ಹೊಣೆಯಾಗಿ ಹೇಳಬೇಕೆಂಬುದೂ, ಮೌನವನ್ನು ಕ್ಷೇಮವೆಂದು ಎಣಿಸಬಾರದೆಂಬುದೂ ಇಲ್ಲಿ ನಿರೂಪಿಸಲ್ಪಟ್ಟವು. ಪರಿಚಾರಕನ ಮೂಗು ಅಂದು ಆರು ಮಾಪಕಗಳನ್ನು ಮೀರಿಸಿತು. ಅದು ಯಂತ್ರದ ದೋಷವಲ್ಲ; ಯಂತ್ರವು ಹೇಳದುದನ್ನು ಹೇಳಿದಂತೆ ಓದಿದವನ ದೋಷ. ಆ ಭಂಡಾರದಲ್ಲಿ ಈಗಲೂ ಪ್ರತಿದಿನ ಬೆಳಗ್ಗೆ ಅವನು ಆರು ಬಾಗಿಲುಗಳನ್ನೂ ತೆರೆದು ನೋಡಿ, ಆಮೇಲೆ ಫಲಕದ ಮುಂದೆ ಬಂದು ಕೂರುತ್ತಾನೆ. ಕ್ರಮವು ಹಾಗೆಯೇ ಇರಲೆಂದು ನಾನು ಹೇಳಿದ್ದೇನೆ.